ಹಾರೋದು ಕಲಿಸಿದ ವಿಮಾನ: ಎಚ್.ಟಿ.-2



ನಾವು ಸೈಕಲ್ ಕಲಿಯುವಾಗ ಹಿಂದೆ ಯಾರಾದರೂ ಕ್ಯಾರಿಯರ್ ಹಿಡ್ಕೊಂಡು ಓಡಿ ಬರ್ತಾರೆ. ವಿಮಾನ ಕಲಿಯೋರಿಗೆ ಹಿಂದೆ ಯಾರು ಹಿಡ್ಕೋತಾರೆ? ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಪ್ರವಾಸ ಹೋದಾಗ ನನಗೆ ಈ ಪ್ರಶ್ನೆ ಬಂತು. ಅಲ್ಲಿ ಒಂದು ಪುಟ್ಟ ವಿಮಾನ ನಿಂತಿತ್ತು. ಅದರ ಹೆಸರು ಎಚ್.ಟಿ.-2. ಅದರಲ್ಲಿ ಒಬ್ಬರ ಹಿಂದೆ ಒಬ್ಬರು ಕೂರುವಂತೆ ಎರಡೇ ಸೀಟು. ಎರಡು ಕಡೆಯೂ ವಿಮಾನ ನಡೆಸುವ ಹಿಡಿಗಳಿವೆ. ಶಿಷ್ಯ ತಪ್ಪು ಮಾಡಿದರೆ ಗುರು ಕೂಡಲೇ ತನ್ನ ಹಿಡಿಯಿಂದ ಸರಿ ಮಾಡಬಹುದು. ನನ್ನ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಹುಟ್ಟಿದ ಕಥೆ

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಆಗ ನಮ್ಮ ಪೈಲಟ್‌ಗಳು ಕಲಿಯುತ್ತಿದ್ದುದು ಇಂಗ್ಲೆಂಡಿನ ಟೈಗರ್ ಮಾತ್ ವಿಮಾನದಲ್ಲಿ. ಅದಕ್ಕೆ ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಮೇಲೆ ಬಟ್ಟೆಯ ಹೊದಿಕೆ. ಪೈಲಟ್ ತಲೆಯ ಮೇಲೆ ಮುಚ್ಚಳವೂ ಇರಲಿಲ್ಲ!

ಸ್ವಾತಂತ್ರ್ಯ ಬಂದ ಮೇಲೆ ನಮ್ಮದೇ ವಿಮಾನ ಬೇಕೆಂದು ಡಾ. ವಿ.ಎಂ. ಘಾಟಗೆ ಅವರ ತಂಡ ಲೋಹದ ಎಚ್.ಟಿ.-2 ರೂಪಿಸಿತು. 1951ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಜಮ್‌ಶೆಡ್ ಮುನ್ಷಿ ಅದನ್ನು ಮೊದಲ ಸಲ ಹಾರಿಸಿದರು. ಭಾರತದಲ್ಲೇ ವಿನ್ಯಾಸವಾಗಿ, ಸಾಲಾಗಿ ತಯಾರಾದ ಮೊದಲ ವಿಮಾನ ಇದೇ. ಎಂಜಿನ್ 155 ಅಶ್ವಶಕ್ತಿಯದು. ವೇಗ ಗಂಟೆಗೆ ಸುಮಾರು 200 ಕಿ.ಮೀ. ಒಟ್ಟು 170ರಷ್ಟು ವಿಮಾನಗಳನ್ನು ಮಾಡಿದರು. ನಮ್ಮ ಬೀದರ್‌ನಲ್ಲೂ ಇದರಲ್ಲಿ ಪೈಲಟ್‌ಗಳು ಕಲಿತರು. 1959ರಲ್ಲಿ ಆಫ್ರಿಕದ ಘಾನಾ ದೇಶ ವಾಯುಪಡೆ ಕಟ್ಟಿದಾಗ ಅಲ್ಲಿಗೂ ಈ ವಿಮಾನಗಳು ಹೋದವು.

ಆಮೇಲೆ ಏನಾಯ್ತು?

ಮೂವತ್ತು ವರ್ಷಕ್ಕೂ ಮೇಲೆ ದುಡಿದು ಎಚ್.ಟಿ.-2 ನಿವೃತ್ತಿಯಾಯಿತು. ಅದರ ಜಾಗಕ್ಕೆ 1984ರಿಂದ ಎಚ್.ಪಿ.ಟಿ.-32 'ದೀಪಕ್' ಬಂತು. ಆದರೆ ಇದರ ಎಂಜಿನ್ ಹಾರುತ್ತಿರುವಾಗಲೇ ನಿಂತುಬಿಡೋದು. ಇದ್ದದ್ದು ಒಂದೇ ಎಂಜಿನ್. ಅದು ನಿಂತರೆ ಕೆಳಗಿಳಿಯಲು ಜಾಗ ಹುಡುಕಲೂ ಸಮಯ ಸಾಲದು. 17 ಅಪಘಾತಗಳಲ್ಲಿ 19 ಪೈಲಟ್‌ಗಳು ತೀರಿಹೋದರು. ಕಲಿಯೋಕೆ ಹೋದ ಹುಡುಗರ ಜೊತೆ ಕಲಿಸುವ ಗುರುಗಳೂ ಹೋದರು. 2009ರ ಜುಲೈ ಅಪಘಾತದ ನಂತರ ದೀಪಕ್ ಹಾರಾಟ ನಿಲ್ಲಿಸಿದರು. 2013ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನ ತರಿಸಬೇಕಾಯ್ತು.

ಎಚ್.ಎ.ಎಲ್. ಮಾತ್ರ ಸುಮ್ಮನೆ ಕೂರಲಿಲ್ಲ. ಅದು ರೂಪಿಸಿದ ಎಚ್.ಟಿ.ಟಿ.-40 ತರಬೇತಿ ವಿಮಾನ 2016ರ ಮೇ 31ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ವಾಯುಪಡೆಗೆ ಇಂಥ 70 ವಿಮಾನ ಕೊಡಲು 2023ರಲ್ಲಿ ಒಪ್ಪಂದವಾಯಿತು.

ಯುದ್ಧ ವಿಮಾನದ ಚಿತ್ರ ನಾವೆಲ್ಲ ನೋಟ್‌ಬುಕ್ಕಿಗೆ ಅಂಟಿಸ್ತೀವಿ. ತರಬೇತಿ ವಿಮಾನವನ್ನು ಯಾರೂ ಕೇಳಲ್ಲ. ಆದರೆ ಎಷ್ಟೇ ದೊಡ್ಡ ಪೈಲಟ್ ಆಗಲಿ, ಅ ಆ ಇ ಈ ತಿದ್ದೋದು ಇಂಥ ಚಿಕ್ಕ ವಿಮಾನದಲ್ಲೇ. ಕಲಿಯುವವನು ತಪ್ಪು ಮಾಡಿಯೇ ಮಾಡ್ತಾನೆ. ವಿಮಾನ ಮಾತ್ರ ತಪ್ಪು ಮಾಡಬಾರದು.

ಯೋಚಿಸಿ: ತರಬೇತಿ ವಿಮಾನಕ್ಕೆ ಹೆಚ್ಚು ಬೇಕಾದದ್ದು ವೇಗವೋ, ಭದ್ರತೆಯೋ? ನಿಮ್ಮ ಉತ್ತರ ಬರೆದು ಈ ಹಾಳೆಯ ಪಕ್ಕದಲ್ಲಿ ಅಂಟಿಸಿ.