ಔಷಧಕ್ಕೂ ಪರೀಕ್ಷೆಯುಂಟು

ಶಾಲೆಯಲ್ಲಿ ನಮಗೆ ಪರೀಕ್ಷೆಗಳಿರುವಂತೆ ಔಷಧಗಳಿಗೂ ಪರೀಕ್ಷೆಗಳುಂಟು. ನಾವು ತೇರ್ಗಡೆಯಾಗದಿದ್ದರೆ ಒಂದು ವರ್ಷ ನಷ್ಟವಾದೀತು. ಔಷಧವು ಪರೀಕ್ಷೆಯಿಲ್ಲದೆ ಮನೆಮನೆಗೆ ಬಂದರೆ ಪ್ರಾಣವೇ ಹೋದೀತು. ಇದು ಎಷ್ಟು ಸತ್ಯವೆಂಬುದನ್ನು 1937ರಲ್ಲಿ ಅಮೆರಿಕದಲ್ಲಿ ನಡೆದ ಒಂದು ದುರಂತದಿಂದ ಅರಿಯಬಹುದು.

ಸಲ್ಫಾನಿಲಮೈಡ್ ಎಂಬ ಔಷಧವು ಆಗ ಗಂಟಲಬೇನೆ ಮೊದಲಾದ ಸೋಂಕುಗಳಿಗೆ ಗುಳಿಗೆಯ ರೂಪದಲ್ಲಿ ಬಳಕೆಯಲ್ಲಿದ್ದಿತು. ಗುಳಿಗೆ ನುಂಗಲಾರದವರಿಗೂ ಅನುಕೂಲವಾಗಲೆಂದು ಒಂದು ಕಂಪೆನಿಯು ಅದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಿಸಿ, ಹಣ್ಣಿನ ರುಚಿ ಬೆರೆಸಿ ಮಾರಿತು. ಬಣ್ಣ, ವಾಸನೆ, ರುಚಿಗಳನ್ನು ಪರೀಕ್ಷಿಸಿದವರು ಅದು ವಿಷವೇ ಎಂಬುದನ್ನು ಮಾತ್ರ ಪರೀಕ್ಷಿಸಲಿಲ್ಲ. ಆ ದ್ರವವು ಮೂತ್ರಪಿಂಡಗಳನ್ನು ಕೆಡಿಸುವಂತಹುದು. ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಮಾರುವ ಮುನ್ನ ಔಷಧವು ನಿರಪಾಯವೆಂದು ತೋರಿಸಬೇಕೆಂಬ ಕಾನೂನು ಅಲ್ಲಿ ಬಂದುದು 1938ರಲ್ಲಿ.

ಈಗ ಹೊಸ ಔಷಧವು ಹಲವು ಮೆಟ್ಟಿಲುಗಳನ್ನು ಏರಬೇಕು. ಮೊದಲು ಪ್ರಯೋಗಶಾಲೆಯಲ್ಲಿಯೂ ಪ್ರಾಣಿಗಳ ಮೇಲೂ ಪರೀಕ್ಷೆ. ಬಳಿಕ, ಸಾಮಾನ್ಯವಾಗಿ, ತಾವಾಗಿಯೇ ಮುಂದೆ ಬಂದ ಕೆಲವೇ ಮಂದಿ ಆರೋಗ್ಯವಂತರಿಗೆ ಅಲ್ಪ ಪ್ರಮಾಣದಲ್ಲಿ ಕೊಟ್ಟು, ದೇಹವು ಎಷ್ಟನ್ನು ತಾಳುವುದೆಂದು ನೋಡುವರು. ಅನಂತರ ಕೆಲವು ನೂರು ರೋಗಿಗಳು. ಕೊನೆಗೆ ಅನೇಕ ವೇಳೆ ಸಾವಿರಾರು ರೋಗಿಗಳು. ಇವರನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಔಷಧವನ್ನೂ ಇನ್ನೊಂದಕ್ಕೆ ಹಳೆಯ ಔಷಧವನ್ನೋ ಔಷಧವಿಲ್ಲದ ಗುಳಿಗೆಯನ್ನೋ ಕೊಡುವರು. ಯಾರಿಗೆ ಯಾವುದು ದೊರೆಯಿತೆಂಬುದು ಅನೇಕ ವೇಳೆ ರೋಗಿಗೂ ವೈದ್ಯನಿಗೂ ತಿಳಿದಿರುವುದಿಲ್ಲ. ಗುಣವಾಗಲೆಂಬ ಆಸೆಯು ಕಣ್ಣನ್ನು ಮೋಸಗೊಳಿಸಬಾರದಲ್ಲವೇ? ಪರೀಕ್ಷೆಗೆ ಬರುವವರಿಗೆ ಅಪಾಯಗಳನ್ನೆಲ್ಲ ತಿಳಿಸಿ ಒಪ್ಪಿಗೆ ಪಡೆಯಬೇಕು. ಬೇಡವೆನಿಸಿದಾಗ ಅವರು ಬಿಟ್ಟುಹೋಗಬಹುದು. ಇಷ್ಟಕ್ಕೆಲ್ಲ ಅನೇಕ ವರ್ಷಗಳು ಬೇಕು. ಮನುಷ್ಯರ ಮೇಲಿನ ಪರೀಕ್ಷೆಗೆ ಬಂದ ಔಷಧಗಳಲ್ಲಿಯೂ ಹೆಚ್ಚಿನವು ಅನುತ್ತೀರ್ಣವಾಗುವುವು.

1937ರ ಆ ವಿಷದ ಸಂಶೋಧನೆಯಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿನಿಯು ನೆರವಾಗಿದ್ದಳು. ಆಕೆಯೇ ಫ್ರಾನ್ಸಿಸ್ ಕೆಲ್ಸಿ. 1960ರಲ್ಲಿ ಆಕೆ ಅಮೆರಿಕದ ಔಷಧ ಇಲಾಖೆಯ ಅಧಿಕಾರಿಣಿಯಾಗಿದ್ದಾಗ, ಯೂರೋಪಿನಲ್ಲಿ ಮಾರಾಟವಾಗುತ್ತಿದ್ದ ಥಾಲಿಡೊಮೈಡ್ ಎಂಬ ನಿದ್ರೆಯ ಔಷಧವು ಅನುಮತಿಗಾಗಿ ಬಂದಿತು. ಕಂಪೆನಿಯವರು ಎಷ್ಟು ಅವಸರಪಡಿಸಿದರೂ ಆಕೆ ಜಗ್ಗದೆ, ಇನ್ನಷ್ಟು ಆಧಾರ ಬೇಕೆಂದಳು. ಗರ್ಭಿಣಿಯರು ಅದನ್ನು ಸೇವಿಸಿದುದರಿಂದ ಶಿಶುಗಳು ಕೈಕಾಲು ಊನವಾಗಿ ಹುಟ್ಟುತ್ತಿರುವುದು 1961ರಲ್ಲಿ ಬಯಲಾಯಿತು. ಜಗತ್ತಿನಲ್ಲಿ ಇಂತಹ ಸಾವಿರಾರು ಶಿಶುಗಳು ಹುಟ್ಟಿದರೂ, ಅಮೆರಿಕದಲ್ಲಿ ಅವುಗಳ ಸಂಖ್ಯೆ ಬಹಳ ಕಡಿಮೆ.

ಪರೀಕ್ಷೆಯಲ್ಲಿ ತೇರ್ಗಡೆಯಾದ ಔಷಧವನ್ನೂ ತಯಾರಿಸುವಾಗಲೆಲ್ಲ ಮತ್ತೆ ಪರೀಕ್ಷಿಸಬೇಕು. 2025ರಲ್ಲಿ ಮಧ್ಯಪ್ರದೇಶದಲ್ಲಿ ಕೆಮ್ಮಿನ ಔಷಧ ಕುಡಿದು ಮಕ್ಕಳು ಸತ್ತಾಗ, ಆ ಔಷಧದಲ್ಲಿ ಕಂಡುಬಂದುದು ಅದೇ ಡೈಎಥಿಲೀನ್ ಗ್ಲೈಕಾಲ್. ಎಂಬತ್ತೆಂಟು ವರ್ಷಗಳ ಹಿಂದೆ ಕಲಿತ ಪಾಠವನ್ನು ಮರೆತುದಕ್ಕೆ ಎಳೆಯ ಜೀವಗಳು ಬೆಲೆ ತೆತ್ತವು.

ಆದುದರಿಂದ ನಾವೂ ಎಚ್ಚರದಿಂದಿರೋಣ. ವೈದ್ಯರನ್ನು ಕೇಳದೆ ಮಕ್ಕಳಿಗೆ ಔಷಧ ಕುಡಿಸುವುದು ಬೇಡ. ಒಬ್ಬರ ಔಷಧವನ್ನು ಇನ್ನೊಬ್ಬರಿಗೆ ಕೊಡುವುದೂ ಬೇಡ. ಸೇವಿಸಿದ ಮೇಲೆ ಮೈಯಲ್ಲಿ ದದ್ದು ಎದ್ದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಒಡನೆ ವೈದ್ಯರಲ್ಲಿಗೆ ಹೋಗೋಣ. ಬಾಟಲಿಯ ಮೇಲಿನ ಚೀಟಿಯನ್ನು ಓದುವ ಅಭ್ಯಾಸವನ್ನು ಮಕ್ಕಳೇ ಮನೆಯವರಿಗೆ ಕಲಿಸಬಹುದು. ಕಲಿತ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದಿದೆ?