ಋತು ಬದಲಾದಾಗ ಬಟ್ಟೆಯ ಪೆಟ್ಟಿಗೆ: ದಂಪತಿಗಳಿಗೊಂದು ಪಾಠ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟದ ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ಅಟ್ಟಕ್ಕೇರಿಸಿದ ಕಾಯಿ 8ರಿಂದ 12 ತಿಂಗಳವರೆಗೆ ಅಲ್ಲಿಯೇ ಒಣಗುತ್ತದೆ. ತೇವ ಸೋಕಿದರೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಕುಸಿಯುತ್ತದೆ ಎಂಬುದನ್ನು ಮನೆಯ ಮಕ್ಕಳೂ ಬಲ್ಲರು. ಆದರೆ ಅದೇ ಮನೆಯ ಟ್ರಂಕಿನಲ್ಲಿ, ಬೀರುವಿನಲ್ಲಿ, ಗೂಡಿನಲ್ಲಿ ವರ್ಷಗಟ್ಟಲೆ ಮುದುರಿ ಬಿದ್ದಿರುವ ಬಟ್ಟೆಗಳ ಕಡೆಗೆ ನಾವು ಅಷ್ಟು ಗಮನ ಹರಿಸುವುದಿಲ್ಲ. ಕೊಬ್ಬರಿ ಕೆಟ್ಟರೆ ಹಣಕ್ಕೆ ನಷ್ಟ. ಬಟ್ಟೆ ಕೆಟ್ಟರೆ ದೇಹಕ್ಕೆ ನಷ್ಟ. ಅದರಲ್ಲಿಯೂ ಹಸುಳೆಯಿರುವ ಮನೆಯಲ್ಲಿ ಈ ನಷ್ಟ ಪ್ರಾಣದವರೆಗೂ ಹೋಗಬಹುದು. ಆದುದರಿಂದ ಗಂಡ ಹೆಂಡತಿ ಇಬ್ಬರೂ ಈ ಪಾಠವನ್ನು ಕೂಡಿ ಓದಬೇಕೆಂದು ಕೋರಲಾಗಿದೆ.

1. ಯಾವಾಗ ತೆಗೆಯಬೇಕು?

ವರ್ಷಕ್ಕೆ ಎರಡು ಸಲ ಸಾಕು. ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ಈ ಮಳೆ ನಿಂತು ದೀಪಾವಳಿಯ ಹೊತ್ತಿಗೆ ಬಿಸಿಲು ಬಿದ್ದಾಗ ಮೊದಲನೆಯ ಸಲ ಪೆಟ್ಟಿಗೆಯನ್ನು ಬರಿದು ಮಾಡಬೇಕು. ಚಳಿಗಾಲ ಮುಗಿದು ಯುಗಾದಿಗೆ ಮನೆ ಸಾರಿಸುವ ಸಮಯದಲ್ಲಿ ಎರಡನೆಯ ಸಲ ಕಂಬಳಿ, ದುಪ್ಪಟಿ, ಕೌದಿಗಳನ್ನು ಒಗೆದು ಎತ್ತಿಡಬೇಕು. ಬೆಳಗಿನ ಹತ್ತು ಗಂಟೆಯಿಂದ ಇಳಿಹೊತ್ತಿನವರೆಗೆ ಬಿಸಿಲಿರುವ ದಿನವನ್ನು ಆರಿಸಿಕೊಳ್ಳಿರಿ.

2. ತೆಗೆಯುವ ಕ್ರಮ

ಪೆಟ್ಟಿಗೆಯ ಮೂಲೆಗೆ ಬರಿಗೈ ಹಾಕಬಾರದು. ಕಾಯಿಸಿಪ್ಪೆಯ ರಾಶಿ, ಒಣಗಿದ ಗರಿ ಇರುವ ಮನೆಯಲ್ಲಿ ಚೇಳು ಸಾಮಾನ್ಯ. ಅದು ಕತ್ತಲೆಯ ಬಟ್ಟೆಯ ಮಡಿಕೆಯಲ್ಲಿ ಅಡಗುತ್ತದೆ. ಪೆಟ್ಟಿಗೆಯನ್ನು ಇಬ್ಬರೂ ಹಿಡಿದು ಅಂಗಳಕ್ಕೆ ತಂದು, ಕೋಲಿನಿಂದ ಬಟ್ಟೆಯನ್ನು ಎತ್ತಿ ಕೊಡವಬೇಕು. ಮಕ್ಕಳನ್ನು ದೂರವಿರಿಸಬೇಕು. ಚೇಳು ಕುಟುಕಿದರೆ, ಮುಖ್ಯವಾಗಿ ಮಗುವಿಗೆ ಕುಟುಕಿ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡುಬಂದರೆ, ಮಂತ್ರಕ್ಕೂ ಸೊಪ್ಪಿಗೂ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಹೊರತೆಗೆದ ಬಟ್ಟೆಗಳನ್ನು ಮೂರು ಪಾಲು ಮಾಡಿರಿ. ಮುಂದಿನ ಋತುವಿನಲ್ಲಿ ಉಡುವವು ಒಂದು ಪಾಲು. ಚೆನ್ನಾಗಿದ್ದರೂ ನಮಗೆ ಬೇಡವಾದವು, ಚಿಕ್ಕವಾದವು ಎರಡನೆಯದು. ಇವನ್ನು ಒಗೆದು ಒಣಗಿಸಿ ಬೇಕಾದವರಿಗೆ ಕೊಡಬಹುದು. ಉಡಲಾಗದಷ್ಟು ಹಳೆಯವು ಮೂರನೆಯದು. ಹಳೆಯ ನೂಲಿನ ಸೀರೆ, ಪಂಚೆಗಳು ಮೃದುವಾಗಿರುವುದರಿಂದ ಕೌದಿಗೂ ಹಸುಳೆಯ ಬಟ್ಟೆಗೂ ಒದಗುತ್ತವೆ. ನೈಲಾನು, ಪಾಲಿಯೆಸ್ಟರ್ ಚಿಂದಿಗಳನ್ನು ಹಂಡೆಯ ಒಲೆಗೆ ಹಾಕಬೇಡಿರಿ. ಅವುಗಳ ಹೊಗೆ ಎದೆಗೆ ಕೆಡುಕು. ಸೌದೆಯ ಒಲೆಯ ಮುಂದೆ ಕೂರುವವರು ಇಂತಹ ಸೀರೆ ಉಡುವುದೂ ಅಪಾಯ. ಬೆಂಕಿ ತಗುಲಿದರೆ ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಅಡಿಗೆಗೆ ನೂಲಿನ ಬಟ್ಟೆಯೇ ಲೇಸು.

3. ತೇವದಿಂದ ಬರುವ ಚರ್ಮರೋಗಗಳು

ಅರೆಬರೆ ಒಣಗಿದ ಬಟ್ಟೆಯನ್ನು ಮಡಿಸಿಟ್ಟರೆ ಬೂಷ್ಟು ಬೆಳೆಯುತ್ತದೆ. ತೊಡೆಯ ಸಂದಿ, ಸೊಂಟ, ಕಂಕುಳುಗಳಲ್ಲಿ ದುಂಡಗೆ ಹರಡುವ ಹುಳುಕಡ್ಡಿಯೂ ತೇವವಿದ್ದೆಡೆಯಲ್ಲಿ ಹೆಚ್ಚುವ ಶಿಲೀಂಧ್ರದ ರೋಗವೇ. ಒಬ್ಬರ ಟವೆಲು, ಒಳ ಉಡುಪುಗಳನ್ನು ಇನ್ನೊಬ್ಬರು ಬಳಸುವುದರಿಂದ ಅದು ಮನೆಯವರಿಗೆಲ್ಲ ಹಬ್ಬುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಮುಲಾಮುಗಳಲ್ಲಿ ಅನೇಕವು ಸ್ಟಿರಾಯ್ಡ್ ಬೆರೆತವು. ಎರಡು ದಿನ ತುರಿಕೆ ಅಡಗಿಸಿ, ಆಮೇಲೆ ರೋಗವನ್ನು ಇನ್ನಷ್ಟು ಹರಡುತ್ತವೆ. ವೈದ್ಯರಿಗೆ ತೋರಿಸಿ ಔಷಧ ಪಡೆಯಿರಿ.

ಕಜ್ಜಿಯ ವಿಷಯವನ್ನು ತೆಂಗು ಬೆಳೆಯುವವರಿಗೆ ತಿಳಿಸುವುದು ಸುಲಭ. 1990ರ ದಶಕದ ಕೊನೆಯಲ್ಲಿ ನಮ್ಮ ತೋಟಗಳಿಗೆ ಬಂದ ನುಸಿ ಎಳೆಯ ಕಾಯಿಯ ತೊಟ್ಟಿನಡಿಯಲ್ಲಿ ಅಡಗಿ ರಸ ಹೀರುತ್ತದೆ. ಕಜ್ಜಿಯನ್ನುಂಟುಮಾಡುವ ಜೀವಿಯೂ ಅದೇ ಬಗೆಯ ಸೂಕ್ಷ್ಮ ನುಸಿ; ಅದು ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಚರ್ಮವನ್ನು ಕೊರೆದು ಮೊಟ್ಟೆಯಿಡುತ್ತದೆ. ಮೊದಲ ಸಲ ತಗುಲಿದವರಿಗೆ ತುರಿಕೆ ಕಾಣಿಸಿಕೊಳ್ಳಲು 4ರಿಂದ 6 ವಾರ ಬೇಕು. ಆದುದರಿಂದ ತುರಿಕೆಯಿಲ್ಲದವರಲ್ಲಿಯೂ ನುಸಿಯಿರಬಹುದು. ಒಂದು ಮರಕ್ಕೆ ಮಾತ್ರ ಮದ್ದು ಮಾಡಿದರೆ ತೋಟ ಉಳಿಯದಂತೆ, ಒಬ್ಬರಿಗೆ ಮಾತ್ರ ಔಷಧ ಹಚ್ಚಿದರೆ ಕಜ್ಜಿ ಹೋಗದು. ಮನೆಯವರೆಲ್ಲರೂ ಒಂದೇ ದಿನ ಔಷಧ ಹಚ್ಚಿಕೊಂಡು, ಅದೇ ದಿನ ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬಿಟ್ಟರೆ, ಮೈಯ ಆಸರೆಯಿಲ್ಲದೆ ಆ ನುಸಿ ಸಾಯುತ್ತದೆ.

ಮುಟ್ಟಿನ ಬಟ್ಟೆಯ ಬಗ್ಗೆ ನಾಚಿಕೆ ಬಿಟ್ಟು ಒಂದು ಮಾತು. ಯಾರ ಕಣ್ಣಿಗೂ ಬೀಳದಿರಲೆಂದು ಅದನ್ನು ಬೇರೆ ಬಟ್ಟೆಯ ಕೆಳಗೆ ಒಣಗಿಸಿ, ಟ್ರಂಕಿನ ಕತ್ತಲೆಯ ಮೂಲೆಗೆ ತುರುಕುವುದು ಅನೇಕ ಮನೆಗಳ ರೂಢಿ. ಹೀಗೆ ಒಣಗದ ಬಟ್ಟೆಯಿಂದ ತುರಿಕೆ, ಗುಳ್ಳೆ, ಸೋಂಕು ಉಂಟಾಗುತ್ತವೆ. ಸಾಬೂನಿನಿಂದ ಒಗೆದು ನೇರ ಬಿಸಿಲಿನಲ್ಲಿ ಒಣಗಿಸಿ, ಶುಚಿಯಾದ ಚೀಲದಲ್ಲಿ ಪ್ರತ್ಯೇಕವಾಗಿ ಇಡಬೇಕು. ಹಿತ್ತಿಲಲ್ಲಿ ಬಿಸಿಲು ಬೀಳುವ ಕಡೆ ಇದಕ್ಕಾಗಿ ಒಂದು ಹಗ್ಗ ಕಟ್ಟಿಕೊಡುವುದು ಗಂಡನ ಕರ್ತವ್ಯ.

4. ನುಸಿಗುಳಿಗೆ ಮತ್ತು ಹಸುಳೆ

ಈ ಪಾಠದ ಅತ್ಯಂತ ಮುಖ್ಯವಾದ ಭಾಗ ಇದು. ಬಟ್ಟೆಯ ನಡುವೆ ಇಡುವ ಬಿಳಿಯ ನುಸಿಗುಳಿಗೆ ಸಾಮಾನ್ಯವಾಗಿ ನ್ಯಾಫ್ತಲೀನ್ ಎಂಬ ರಾಸಾಯನಿಕ. ಅದು ಗಾಳಿಯಲ್ಲಿ ಆವಿಯಾಗಿ ಬಟ್ಟೆಯ ಎಳೆಗಳಲ್ಲಿ ಸೇರಿಕೊಳ್ಳುತ್ತದೆ. ಮೊದಲ ಮಗುವಿನ ಅಂಗಿ, ಕುಲಾವಿ, ಹೊದಿಕೆಗಳನ್ನು ಗುಳಿಗೆಯೊಡನೆ ಕಟ್ಟಿಟ್ಟು, ಎರಡನೆಯ ಬಾಣಂತನದಲ್ಲಿ ಹಾಗೆಯೇ ತೆಗೆದು ಎಳೆಯ ಮಗುವಿಗೆ ತೊಡಿಸಿದರೆ, ಆ ಆವಿ ಉಸಿರಿನಿಂದಲೂ ಚರ್ಮದಿಂದಲೂ ಮಗುವಿನ ರಕ್ತವನ್ನು ಸೇರುತ್ತದೆ.

ಕೆಲವು ಮಕ್ಕಳ ಕೆಂಪು ರಕ್ತಕಣಗಳಲ್ಲಿ ಜಿ-6-ಪಿ.ಡಿ. ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುತ್ತದೆ. ಇದು ತಾಯಿಯ ಕಡೆಯಿಂದ ಬರುವ ದೋಷ. ಗಂಡುಮಕ್ಕಳಲ್ಲಿ ಹೆಚ್ಚು ಕಾಣುತ್ತದೆ. ಹೊರಗೆ ನೋಡಿದರೆ ಯಾವ ಗುರುತೂ ಇರುವುದಿಲ್ಲ. ಇಂತಹ ಮಗುವಿಗೆ ನ್ಯಾಫ್ತಲೀನ್ ಸೋಕಿದರೆ ರಕ್ತಕಣಗಳು ಒಡೆದು ಕಾಮಾಲೆ ಏರುತ್ತದೆ. ಮಿತಿಮೀರಿದ ಕಾಮಾಲೆ ಮೆದುಳಿಗೆ ಶಾಶ್ವತವಾದ ಹಾನಿ ಮಾಡುತ್ತದೆ. 1963ರಲ್ಲಿಯೇ ಗ್ರೀಸ್ ದೇಶದ ವೈದ್ಯರು ನ್ಯಾಫ್ತಲೀನ್ ಆವಿಯಿಂದ ಹೀಗೆ ರಕ್ತ ಒಡೆದ 21 ನವಜಾತ ಶಿಶುಗಳ ವಿಷಯವನ್ನು ಪ್ರಕಟಿಸಿದ್ದರು. ಇವರಲ್ಲಿ ಕೆಲವು ಶಿಶುಗಳಿಗೆ ಕಿಣ್ವದ ಕೊರತೆಯೂ ಇರಲಿಲ್ಲ. ನ್ಯಾಫ್ತಲೀನ್ ಎಣ್ಣೆಯಲ್ಲಿ ಕರಗುವ ವಸ್ತು. ಆದುದರಿಂದ ಕೊಬ್ಬರಿ ಎಣ್ಣೆ ತಿಕ್ಕಿದ ಮೈಗೆ ಅಂತಹ ಬಟ್ಟೆ ತೊಡಿಸಿದರೆ ಅದು ಇನ್ನೂ ಬೇಗ ಒಳಗಿಳಿಯುತ್ತದೆ.

ಆದುದರಿಂದ ಮಗುವಿನ ಬಟ್ಟೆಯ ಪೆಟ್ಟಿಗೆಯಲ್ಲಿ ನುಸಿಗುಳಿಗೆಯನ್ನು ಎಂದೂ ಇಡಬೇಡಿರಿ. ಈಗಾಗಲೇ ಇಟ್ಟಿದ್ದರೆ ಆ ಬಟ್ಟೆಗಳನ್ನು ಹಲವು ದಿನ ಗಾಳಿ ಬಿಸಿಲಿಗೆ ಹರಡಿ, ಹಲವು ಸಲ ಸಾಬೂನಿನಿಂದ ಒಗೆಯಬೇಕು. ಕೇವಲ ಒಮ್ಮೆ ಒಗೆದರೆ ಸಾಲದು. ವಾಸನೆ ಉಳಿದಿದ್ದರೆ ಹಸುಳೆಗೆ ಬಳಸಲೇಕೂಡದು. ಮಗುವಿನ ಕಣ್ಣು, ಅಂಗೈ, ಅಂಗಾಲು ಹಳದಿಯಾದರೆ, ಮೂತ್ರ ಚಹದ ಬಣ್ಣಕ್ಕೆ ತಿರುಗಿದರೆ, ಮಗು ಹಾಲು ಬಿಟ್ಟು ಮಂಕಾದರೆ, ಎಳೆ ಬಿಸಿಲು ಕಾಯಿಸುತ್ತ ಕಾಯದೆ ತಕ್ಷಣ 108ಕ್ಕೆ ಕರೆ ಮಾಡಿರಿ. ನುಸಿಗುಳಿಗೆಯ ಬಟ್ಟೆ ತೊಡಿಸಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿರಿ.

ಹಾಗಾದರೆ ಹುಳುವಿಗೆ ಏನು ಉಪಾಯ? ಬಟ್ಟೆಯ ಹುಳು ತಿನ್ನುವುದು ಮುಖ್ಯವಾಗಿ ಉಣ್ಣೆ ಮತ್ತು ರೇಷ್ಮೆಯನ್ನು. ಅದರಲ್ಲಿಯೂ ಬೆವರು, ಜಿಡ್ಡು ಉಳಿದ ಜಾಗವನ್ನು. ಒಗೆದು, ಬಿಸಿಲಿಗೆ ಹಾಕಿ, ಕೊಡವಿ, ಶುಚಿಯಾದ ಹಳೆಯ ಪಂಚೆಯಲ್ಲಿ ಸುತ್ತಿಟ್ಟರೆ ನೂಲಿನ ಬಟ್ಟೆಗೆ ಬೇರೇನೂ ಬೇಡ. ಉಣ್ಣೆ, ರೇಷ್ಮೆಗಳ ನಡುವೆ ನೆರಳಲ್ಲಿ ಒಣಗಿಸಿದ ಬೇವಿನೆಲೆ ಅಥವಾ ಬಜೆಯ ತುಂಡುಗಳನ್ನು ಇಡುವ ಹಿರಿಯರ ಪದ್ಧತಿಯನ್ನು ಮುಂದುವರಿಸಬಹುದು. ಕರ್ಪೂರವನ್ನು ಮಕ್ಕಳ ಕೈಗೆಟಕುವಂತೆ ಇಡಬಾರದು. ನುಂಗಿದ ಮಗುವಿಗೆ ಸೆಳವು ಬರುತ್ತದೆ. ಹಿಂದೆ ಬಟ್ಟೆಗೂ ಧಾನ್ಯಕ್ಕೂ ಉದುರಿಸುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ಸರ್ಕಾರವು 1997ರಲ್ಲಿಯೇ ನಿಷೇಧಿಸಿದೆ. ಹಳೆಯ ಪೊಟ್ಟಣ ಅಟ್ಟದಲ್ಲಿ ಸಿಕ್ಕಿದರೆ ಬಳಸಬೇಡಿರಿ.

5. ತೋಟದ ಔಷಧ ಹತ್ತಿದ ಬಟ್ಟೆ

ಬೆಳೆಗೆ ಸಿಂಪಡಿಸುವ, ತೆಂಗಿನ ಬೇರಿಗೆ ಕಟ್ಟುವ ಕೀಟನಾಶಕಗಳಲ್ಲಿ ಅನೇಕವು ಚರ್ಮದ ಮೂಲಕವೂ ದೇಹವನ್ನು ಸೇರುತ್ತವೆ. ಆ ಕೆಲಸಕ್ಕೆ ಒಂದು ಜೊತೆ ಬಟ್ಟೆಯನ್ನು ಮೀಸಲಿಡಿರಿ. ಕೆಲಸ ಮುಗಿದೊಡನೆ ಅದನ್ನು ಬಿಚ್ಚಿ, ಸ್ನಾನ ಮಾಡಿ, ಬಳಿಕವೇ ಮಗುವನ್ನು ಎತ್ತಿಕೊಳ್ಳಿರಿ. ಅದನ್ನು ಬೇರೆಯಾಗಿಯೇ ಒಗೆಯಬೇಕು. ಕೆರೆ ಕಟ್ಟೆಗಳಲ್ಲಿ ಒಗೆಯಬಾರದು. ಸಾಧ್ಯವಾದ ಮಟ್ಟಿಗೆ ಔಷಧ ಹೊಡೆದವರೇ ಒಗೆಯುವುದು ನ್ಯಾಯ. ಗರ್ಭಿಣಿಯ ಕೈಗೆ ಅದನ್ನು ಕೊಡಲೇಬಾರದು.

6. ಮಗುವಿನ ಬಟ್ಟೆ: ಇಡುವುದೋ, ಕೊಡುವುದೋ?

ಪೆಟ್ಟಿಗೆ ಬರಿದಾದಾಗ ಕೊನೆಗೆ ಉಳಿಯುವುದು ಚಿಕ್ಕವಾದ ಮಗುವಿನ ಅಂಗಿಗಳು. ಇವನ್ನು ಎತ್ತಿಡಬೇಕೆ, ಯಾರಿಗಾದರೂ ಕೊಡಬೇಕೆ ಎಂಬ ಪ್ರಶ್ನೆ ಬಟ್ಟೆಯದಲ್ಲ, ಸಂಸಾರದ್ದು. ಇನ್ನೊಂದು ಮಗು ಬೇಕೆ, ಬೇಕಾದರೆ ಎಂದು ಎಂಬುದನ್ನು ಅತ್ತೆ, ಮಾವ, ನೆರೆಹೊರೆಯವರು ನಿರ್ಧರಿಸುವ ಮುನ್ನ ದಂಪತಿಗಳು ತಾವೇ ಕುಳಿತು ಮಾತನಾಡಬೇಕು.

ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳು ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. ಹೆರಿಗೆಯಲ್ಲಿ ಮತ್ತು ಹಾಲೂಡಿಸುವುದರಲ್ಲಿ ತಾಯಿಯ ದೇಹ ಕಳೆದುಕೊಂಡ ಕಬ್ಬಿಣಾಂಶ ಮತ್ತೆ ತುಂಬಲು ಕಾಲ ಬೇಕು. ಬೇಗನೆ ಬಂದ ಗರ್ಭದಲ್ಲಿ ದಿನ ತುಂಬದ, ತೂಕ ಕಡಿಮೆಯ ಶಿಶು ಹುಟ್ಟುವ ಸಂಭವ ಹೆಚ್ಚು.

ಅಂತರಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಸಾಧನಗಳಿವೆ: ನಿರೋಧ್, ನುಂಗುವ ಗುಳಿಗೆಗಳು, 3 ತಿಂಗಳಿಗೊಮ್ಮೆ ಪಡೆಯುವ ಅಂತರಾ ಚುಚ್ಚುಮದ್ದು, 10 ವರ್ಷದವರೆಗೆ ರಕ್ಷಣೆ ಕೊಡುವ ವಂಕಿ. ಹೆರಿಗೆಯಾದ 48 ಗಂಟೆಗಳೊಳಗೆ ಆಸ್ಪತ್ರೆಯಲ್ಲಿಯೇ ವಂಕಿ ಹಾಕಿಸಿಕೊಳ್ಳಬಹುದು. ಹಾಲೂಡಿಸುವ ತಾಯಿಗೆ ಎಲ್ಲ ಗುಳಿಗೆಗಳೂ ಹೊಂದುವುದಿಲ್ಲವಾದ್ದರಿಂದ ಕೇಳಿಯೇ ಪಡೆಯಬೇಕು. ಮಕ್ಕಳು ಸಾಕೆಂದು ನಿರ್ಧರಿಸಿದವರಲ್ಲಿ ಗಂಡಸರಿಗೆ ಮಾಡುವ ಶಸ್ತ್ರಚಿಕಿತ್ಸೆ ಹೆಂಗಸರಿಗೆ ಮಾಡುವುದಕ್ಕಿಂತ ಸರಳ. ಅದರಿಂದ ಪುರುಷತ್ವವಾಗಲಿ, ಮರ ಹತ್ತುವ ಶಕ್ತಿಯಾಗಲಿ ಕುಗ್ಗುವುದಿಲ್ಲ. ಆದರೆ ಅನಂತರದ 3 ತಿಂಗಳು ಬೇರೆ ಸಾಧನವನ್ನು ಬಳಸುವುದು ಅವಶ್ಯ.

ನೆನಪಿಡಬೇಕಾದ ಅಂಶಗಳು

ಅ) ವರ್ಷಕ್ಕೆ ಎರಡು ಸಲ ಪೆಟ್ಟಿಗೆಯನ್ನು ಬರಿದು ಮಾಡಿ ಬಿಸಿಲಿಗೆ ಇಡಿರಿ.
ಆ) ಪೂರ್ತಿ ಒಣಗದ ಬಟ್ಟೆಯನ್ನು ಮಡಿಸಬೇಡಿರಿ.
ಇ) ಹಸುಳೆಯ ಬಟ್ಟೆಯೊಡನೆ ನುಸಿಗುಳಿಗೆ ಬೇಡ.
ಈ) ಕಜ್ಜಿಗೆ ಮನೆಯವರೆಲ್ಲರಿಗೂ ಒಂದೇ ದಿನ ಔಷಧ.
ಉ) ಔಷಧ ಹೊಡೆಯುವ ಬಟ್ಟೆ ಬೇರೆ, ಒಗೆತ ಬೇರೆ.

ದಂಪತಿಗಳು ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ನುಸಿಗುಳಿಗೆ ಎಲ್ಲೆಲ್ಲಿ ಇದೆ? ಮಕ್ಕಳ ಕೈಗೆ ಎಟಕುತ್ತದೆಯೆ?
2. ಮುಟ್ಟಿನ ಬಟ್ಟೆ ಒಣಗಿಸಲು ಬಿಸಿಲಿರುವ ಜಾಗ ಯಾವುದು?
3. ಮಗುವಿನ ಅಂಗಿಗಳನ್ನು ಎತ್ತಿಡೋಣವೆ, ಕೊಡೋಣವೆ? ಎತ್ತಿಡುವುದಾದರೆ ಎಷ್ಟು ವರ್ಷಕ್ಕೆ?

ಮೂರನೆಯ ಪ್ರಶ್ನೆಗೆ ಉತ್ತರ ದೊರೆತೊಡನೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕಾಣಿರಿ, ಇಲ್ಲವೆ ಇಬ್ಬರೂ ಕೂಡಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ.