ಮೂಕ ಪೆಟ್ಟಿಗೆಯ ಪರೀಕ್ಷೆ



ವಿದ್ಯುತ್ ಗಿಟಾರಿನ ವಾದಕರು ಕಾಲಬುಡದಲ್ಲಿ ಚಿಕ್ಕದೊಂದು ಲೋಹದ ಪೆಟ್ಟಿಗೆಯನ್ನಿರಿಸಿಕೊಂಡು, ನಡುನಡುವೆ ಅದನ್ನು ಪಾದದಿಂದ ಒತ್ತುವುದನ್ನು ನೀವು ಕಂಡಿರಬಹುದು. ಅದಕ್ಕೆ ಪೆಡಲ್ ಎಂದು ಹೆಸರು. ಗಿಟಾರಿನಿಂದ ಹೊರಟ ಕ್ಷೀಣವಾದ ವಿದ್ಯುತ್ ಸಂಕೇತವು ಆಂಪ್ಲಿಫೈಯರನ್ನು ಸೇರುವ ಮೊದಲು ಈ ಪೆಟ್ಟಿಗೆಯನ್ನು ಹಾದುಹೋಗುತ್ತದೆ. ಅಲ್ಲಿ ಅದರ ರೂಪವು ಮಾರ್ಪಡುತ್ತದೆ.

ಒಡಕು ದನಿಯನ್ನು ಕೊಡುವ 'ಫಜ್' ಪೆಡಲಿನ ಮೂಲಪುರುಷನು ಕೆಟ್ಟುಹೋದ ಯಂತ್ರವೊಂದೆಂದರೆ ನಿಮಗೆ ನಗು ಬಂದೀತು. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡೊಂದನ್ನು ಮುದ್ರಿಸುತ್ತಿರುವಾಗ ಧ್ವನಿಮುದ್ರಣ ಯಂತ್ರದ ಒಂದು ಭಾಗವು ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರಿನ ನಾದವು ಒಡೆದು ಹೊರಬಂದಿತು. 1961ರಲ್ಲಿ ಆ ಹಾಡು ಹೊರಬಿದ್ದಾಗ ಜನರು ಆ ದನಿಯನ್ನು ಮೆಚ್ಚಿಕೊಂಡರು. ಅಲ್ಲಿನ ತಂತ್ರಜ್ಞ ಗ್ಲೆನ್ ಸ್ನಾಡಿಯು ಅಂಥದೇ ದನಿಯನ್ನು ಬೇಕೆಂದಾಗ ಕೊಡುವ ಮಂಡಲವನ್ನು ರೂಪಿಸಿದನು. 1962ರಲ್ಲಿ ಗಿಬ್ಸನ್ ಕಂಪನಿಯು ಅದನ್ನು 'ಮೇಸ್ಟ್ರೋ ಫಜ್-ಟೋನ್' ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು.

ಕೆಟ್ಟ ಯಂತ್ರವೆಲ್ಲವೂ ಹೀಗೆ ಕೀರ್ತಿಯನ್ನು ತರುವುದಿಲ್ಲ. ಕಳೆದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಮೂರು ದಿನಗಳಿರುವಾಗ, ಹತ್ತನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು ತಾನೇ ಜೋಡಿಸಿದ ಫಜ್ ಪೆಡಲನ್ನು ಹಿಡಿದು ನನ್ನಲ್ಲಿಗೆ ಬಂದನು. ಬಸ್ಸಿನ ಹಣವನ್ನು ಉಳಿಸಿ, ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಅಲೆದು, ಎರಡು ಟ್ರಾನ್ಸಿಸ್ಟರುಗಳ ಮಂಡಲವೊಂದನ್ನು ಅವನು ಕಟ್ಟಿದ್ದನು. ಅದು ಮಾತನಾಡಲೊಲ್ಲದು. ಸಿಟ್ಟಿನಿಂದ ಎರಡೂ ಟ್ರಾನ್ಸಿಸ್ಟರುಗಳನ್ನು ಕಿತ್ತು ಬೇರೆ ಹಾಕಿದ್ದನು. ಆಗಲೂ ಅದು ಮೂಕವೇ. "ಸರ್, ಎಲ್ಲವನ್ನೂ ಕಿತ್ತು ಮೊದಲಿನಿಂದ ಮಾಡುತ್ತೇನೆ" ಎಂದನು. ಸೋಲ್ಡರಿಂಗ್ ಐರನ್ನನ್ನು ಕೆಳಗಿಡಿಸಿ, ಮಲ್ಟಿಮೀಟರನ್ನು ಅವನ ಕೈಗೆ ಕೊಟ್ಟೆನು.

ಮೊದಲು ಕೇಳತಕ್ಕ ಪ್ರಶ್ನೆ ಸುಲಭವಾದುದು. ಕಾಲೊತ್ತಿನ ಸ್ವಿಚ್ಚನ್ನು ಒಂದು ಬದಿಗೆ ಒತ್ತಿದರೆ ಸಂಕೇತವು ಮಂಡಲದೊಳಗೆ ಹೋಗದೆ ನೇರವಾಗಿ ಹೊರಟುಹೋಗಬೇಕು. ಆಗ ಗಿಟಾರಿನ ಸಹಜವಾದ ದನಿಯು ಕೇಳಿಸುವುದೇ? ಕೇಳಿಸದಿದ್ದರೆ ಮಂಡಲದ ಹಲಗೆಯನ್ನು ದೂರಬೇಕಾಗಿಲ್ಲ. ತಪ್ಪು ಜ್ಯಾಕುಗಳಲ್ಲಿ, ಅವುಗಳ ತಂತಿಗಳಲ್ಲಿ ಅಥವಾ ಸ್ವಿಚ್ಚಿನಲ್ಲಿದೆ. ಈ ಸ್ವಿಚ್ಚಿಗೆ ಮೂರು ಸಾಲುಗಳಲ್ಲಿ ಒಂಬತ್ತು ಕಾಲುಗಳಿರುವುವು. ಯಾವ ಕಡೆಯಿಂದ ನೋಡಿದರೂ ಚೌಕವಾಗಿ ಕಾಣುವುದರಿಂದ ಅದನ್ನು ಕಾಲು ಸುತ್ತು ತಿರುಗಿಸಿ ಬೆಸೆಯುವವರು ಹಲವರು. ನಕ್ಷೆಯಲ್ಲಿ ಚಪ್ಪಟೆ ಕಾಲುಗಳು ಅಡ್ಡವಾಗಿದ್ದರೆ ಕೈಯಲ್ಲಿಯೂ ಅಡ್ಡವಾಗಿಯೇ ಇರಬೇಕು.

ನಮ್ಮ ಹುಡುಗನ ಪೆಟ್ಟಿಗೆಯಲ್ಲಿ ಸಹಜ ದನಿಯು ಬಂದಿತು. ಹಾಗಾದರೆ 9 ವೋಲ್ಟಿನ ವಿದ್ಯುತ್ತು ಹಲಗೆಯನ್ನು ಮುಟ್ಟುತ್ತಿದೆಯೇ? ಇಲ್ಲೊಂದು ಮೋಸವಿದೆ. ಪೆಡಲುಗಳ ಒಳಬರುವ ಜ್ಯಾಕಿಗೆ ಸಾಮಾನ್ಯವಾಗಿ ಮೂರು ಸಂಪರ್ಕಗಳಿರುತ್ತವೆ. ಬ್ಯಾಟರಿಯ ಕಪ್ಪು ತಂತಿಯನ್ನು ನಡುವಿನದಕ್ಕೆ ಜೋಡಿಸಿರುತ್ತಾರೆ. ಗಿಟಾರಿನ ಪ್ಲಗ್ಗನ್ನು ತೂರಿಸಿದಾಗಲೇ ಆ ತಂತಿಯು ಗ್ರೌಂಡಿಗೆ ಸೇರುತ್ತದೆ; ಬ್ಯಾಟರಿಯು ವೃಥಾ ಕರಗದಿರಲಿ ಎಂದು ಈ ಏರ್ಪಾಡು. ಪ್ಲಗ್ಗನ್ನು ತೂರಿಸದೆ ಅಳೆದು, ಬ್ಯಾಟರಿಯೇ ಸತ್ತಿತೆಂದು ಗೋಳಾಡಿದವರನ್ನು ನಾನು ಬಲ್ಲೆ. ಅಡಾಪ್ಟರನ್ನು ಬಳಸುವವರು ಇನ್ನೊಂದನ್ನು ನೆನಪಿಡಬೇಕು: ಹೆಚ್ಚಿನ ಪೆಡಲುಗಳಲ್ಲಿ ನಡುವಿನ ಕಡ್ಡಿಯು ಋಣ. ಮನೆಯ ಅಡಾಪ್ಟರುಗಳಲ್ಲಿ ಅದು ಧನವಾಗಿರುವುದೇ ಹೆಚ್ಚು. ತಿರುವುಮುರುವಾದರೆ ಟ್ರಾನ್ಸಿಸ್ಟರುಗಳು ಸುಟ್ಟುಹೋದಾವು.

ಹಲಗೆಗೆ 9 ವೋಲ್ಟು ಬರುತ್ತಿದ್ದಿತು. ಈ ಬಗೆಯ ಮಂಡಲದಲ್ಲಿ ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಸುಮಾರು ಅರ್ಧದಷ್ಟು, ಎಂದರೆ 4.5 ವೋಲ್ಟಿನ ಹತ್ತಿರ ಇರಬೇಕು. ಮೀಟರು ತೋರಿಸಿದುದು ಅದಕ್ಕೆ ತೀರ ದೂರದ ಸಂಖ್ಯೆಯನ್ನು. ವಿಚಾರಿಸಲಾಗಿ, ಮೊದಲು ಇದ್ದುವು ಬಿಸಿ 548. ಅವನು ಆಮೇಲೆ ಹಾಕಿದುವು 2ಎನ್ 3904. ಚಪ್ಪಟೆ ಮುಖವನ್ನು ನಮ್ಮತ್ತ ಹಿಡಿದರೆ ಮೊದಲಿನದರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಒಂದು ತಪ್ಪನ್ನು ಹುಡುಕಲು ಹೊರಟವನು ಎರಡನೆಯದನ್ನು ತಾನೇ ಸೇರಿಸಿದ್ದನು! ಅವುಗಳನ್ನು ತಿರುಗಿಸಿ ಬೆಸೆದಾಗ ಮೀಟರು ಸರಿಯಾದ ಸಂಖ್ಯೆಯನ್ನು ತೋರಿಸಿತು. ಆದರೂ ದನಿಯಿಲ್ಲ.

ಆಗ ನಾವು ಸಂಕೇತದ ಹೆಜ್ಜೆಯನ್ನೇ ಹಿಂಬಾಲಿಸಿದೆವು. ಇದಕ್ಕೆ ಬೇಕಾದುದು ಆಂಪ್ಲಿಫೈಯರಿಗೆ ಚುಚ್ಚಿದ ಒಂದು ಕೇಬಲ್ಲು, 0.1 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರ್, ಇಷ್ಟೇ. ಕೇಬಲ್ಲಿನ ಹೊರತಂತಿಯನ್ನು ಮಂಡಲದ ಗ್ರೌಂಡಿಗೆ ಕಚ್ಚಿಸಿ, ಒಳತಂತಿಗೆ ಕೆಪಾಸಿಟರಿನ ಒಂದು ಕಾಲನ್ನು ಬೆಸೆದರೆ, ಇನ್ನೊಂದು ಕಾಲೇ ಶೋಧಕವಾಯಿತು. ಕೆಪಾಸಿಟರು ಬ್ಯಾಟರಿಯ ಏಕಮುಖ ವಿದ್ಯುತ್ತನ್ನು ತಡೆದು ನಾದವನ್ನು ಮಾತ್ರ ಬಿಡುತ್ತದೆ. ಆಂಪ್ಲಿಫೈಯರಿನ ದನಿಯನ್ನು ತಗ್ಗಿಸಿಡಿ. ಅದರೊಳಗೆ ಮನೆಯ ವಿದ್ಯುತ್ತಿರುವುದರಿಂದ ಅದನ್ನು ಎಂದಿಗೂ ಬಿಚ್ಚಬೇಡಿ. ಗೆಳೆಯನೊಬ್ಬನು ತಂತಿಯನ್ನು ಮೀಟುತ್ತಿರಲು, ಒಳಜ್ಯಾಕಿನಿಂದ ತೊಡಗಿ ಒಂದೊಂದೇ ಸಂಧಿಯನ್ನು ಶೋಧಕದಿಂದ ಮುಟ್ಟುತ್ತ ಹೋದೆವು. ಮೊದಲನೆಯ ಟ್ರಾನ್ಸಿಸ್ಟರಿನ ಬೇಸಿನಲ್ಲಿ ದನಿಯಿತ್ತು. ಎರಡನೆಯದರ ಕಲೆಕ್ಟರಿನಲ್ಲಿ ಅದು ಸೊಗಸಾಗಿ ಒರಟಾಗಿತ್ತು. ಹೊರಗಿನ ಕೆಪಾಸಿಟರನ್ನೂ ದಾಟಿತು. ಅಲ್ಲಿಂದ ವಾಲ್ಯೂಮಿನ ತಿರುಪಿಗೆ ಹೋಗುವ ತಂತಿಯಲ್ಲಿ ಮಾತ್ರ ನಿಶ್ಶಬ್ದ.

ಆ ಬೆಸುಗೆಯು ಮಂಕಾಗಿ, ಹರಳುಹರಳಾಗಿತ್ತು. ತಂತಿಯನ್ನು ಸ್ವಲ್ಪ ಎಳೆದರೆ ಅಲುಗಾಡುತ್ತಿತ್ತು. "ಇದನ್ನು ಮೀಟರಿನಿಂದ ನೋಡಿದ್ದೆ ಸರ್, ಬೀಪ್ ಅಂದಿತ್ತು" ಎಂದು ಹುಡುಗನು ವಾದಿಸಿದನು. ನಿಜವೇ; ಮೀಟರಿನ ಮೊನೆಯಿಂದ ಒತ್ತಿದಾಗ ತಂತಿಯು ತಗುಲಿಕೊಂಡಿರಬೇಕು, ಕೈಬಿಟ್ಟೊಡನೆ ಬಿಟ್ಟುಕೊಂಡಿರಬೇಕು. ತಂತಿಯನ್ನೂ ತಾಮ್ರದ ಬಿಲ್ಲೆಯನ್ನೂ ಒಟ್ಟಿಗೆ ಕಾಯಿಸಿ, ಬೆಸುಗೆಯನ್ನುಣಿಸಿ, ಆರುವವರೆಗೆ ಅಲುಗಿಸದೆ ಹಿಡಿಯಲು ಹೇಳಿದೆನು. ಪೆಟ್ಟಿಗೆಯು ಬಾಯಿಬಿಟ್ಟಿತು!

ಹರುಷದಿಂದ ಮುಚ್ಚಳವನ್ನು ತಿರುಪಿದೊಡನೆ ಮತ್ತೆ ಮೌನ. ತೆರೆದರೆ ನಾದ, ಮುಚ್ಚಿದರೆ ಮೌನ. ಹೊರಜ್ಯಾಕಿನ ಕಾಲೊಂದು ಮುಚ್ಚಳಕ್ಕೆ ತಾಗಿ, ಸಂಕೇತವೆಲ್ಲ ಗ್ರೌಂಡಿಗೆ ಹರಿದುಹೋಗುತ್ತಿತ್ತು. ಜ್ಯಾಕನ್ನು ಕೊಂಚ ತಿರುಗಿಸಿ, ಮುಚ್ಚಳದ ಒಳಮೈಗೆ ಇನ್ಸುಲೇಷನ್ ಟೇಪನ್ನು ಅಂಟಿಸಿದೆವು.

ಉತ್ಸವದ ಸಂಜೆ ಹುಡುಗನು ವೇದಿಕೆಯಲ್ಲಿ ಪೆಡಲನ್ನು ಒತ್ತಿದ ಕ್ಷಣವೇ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದುನಿಂತು, ಲೌಡ್‌ಸ್ಪೀಕರು ಕೆಟ್ಟಿದೆಯೆಂದು ಮೈಕಿನವನನ್ನು ಕೈಸನ್ನೆಮಾಡಿ ಕರೆದರು.